ಹುಲ್ಲಿಗೆ ಸುರಿದ ತಿಗಣೆ ಔಷಧಿ

ನಾನು ಚಿಕ್ಕವನಿದ್ದಾಗ ನನ್ನ ಕೈ ಬಹಳ ಸಣ್ಣದಾಗಿತ್ತು. ಉಪ್ಪಿನಕಾಯಿ ಭರಣಿಯ ತಳ ತೊಳೆಯಬೇಕಾದಾಗಲೆಲ್ಲ ಅವ್ವ ನನ್ನನ್ನೇ ಕರೆಯುತ್ತಿದ್ದಳು. ಮನೆಯಲ್ಲಿ ಬೇರೆ ಯಾರ ಕೈಯೂ ಆ ಭರಣಿಯ ಬಾಯಿಯೊಳಗೆ ಇಳಿಯುತ್ತಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಭಾಂಡುಪ್‌ನಲ್ಲಿ, ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯ ಕಾಲೊನಿಯಲ್ಲಿದ್ದೆವು. ಮಳೆಗೆ ಕಪ್ಪಾದ ಗೋಡೆಗಳ ಹಳೆಯ ಬಿಲ್ಡಿಂಗು. ನಮ್ಮದು ಕೆಳ ಅಂತಸ್ತಿನ ಮನೆ. ಅಪ್ಪ ಧಾರವಾಡದ ಕಡೆಯ ರೈತರ ಮಗ. ಇಲ್ಲಿ ಅವನಿಗೆ ದಿನವಿಡೀ ಕುಲುಮೆಯ ಮುಂದೆ ನಿಲ್ಲುವ ಕೆಲಸ. ನಮ್ಮ ಬಾಗಿಲ ಮುಂದೆ ನಾಲ್ಕು ಮಂಚ ಹಿಡಿಸುವಷ್ಟು ಜಾಗವಿತ್ತು. ಅಪ್ಪ ಅಲ್ಲಿಯ ಕಲ್ಲುಚೂರು ಆರಿಸಿ, ಮಣ್ಣು ಹದಮಾಡಿ, ಎಲ್ಲಿಂದಲೋ ಒದ್ದೆ ಗೋಣಿಚೀಲದಲ್ಲಿ ಗರಿಕೆಯ ಬೇರು ತಂದು ನೆಟ್ಟ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ದಪ್ಪನೆಯ ಹಸಿರು ಹಾಸಾಯಿತು. ಡ್ಯೂಟಿ ಮುಗಿಸಿ ಬಂದವನೇ ಅಪ್ಪ ಬೂಟು ಕಳಚಿ, ಒಳಗೆ ಬೆಂದು ಬೆಳ್ಳಗಾದ ಪಾದಗಳನ್ನು ಆ ಹುಲ್ಲಿನ ಮೇಲೆ ಚಾಚಿ ಕಣ್ಣು ಮುಚ್ಚುತ್ತಿದ್ದ. ಅವ್ವ ಚಹಾ ತಂದರೂ ಸ್ವಲ್ಪ ಹೊತ್ತು ಕಣ್ಣು ತೆರೆಯುತ್ತಿರಲಿಲ್ಲ.

ಕಾಲೊನಿಯವರು ಅದನ್ನು ಸಾಹೇಬರ ಲಾನ್ ಎಂದು ನಗುತ್ತಿದ್ದರು. ಮೇಲಿನ ಮನೆಯಲ್ಲಿ ವಿಜಯಪುರದ ಕಡೆಯ ಹೆಂಗಸೊಬ್ಬಳಿದ್ದಳು; ನಾವು ಅವಳನ್ನು ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳು ಕಿಟಕಿಯಿಂದ ಬಗ್ಗಿ, "ಏನ್ರೀ, ಹುಲ್ಲು ಭಾಳ ಛಲೋ ಬಂದದ. ಎಮ್ಮಿ ಯಾವಾಗ ತರ್ತೀರಿ?" ಎನ್ನುತ್ತಿದ್ದಳು. "ಹಿಂಡಾಕ ನೀವ ಬರ್ತೀನಿ ಅಂದ್ರ ನಾಳೇನ ತರ್ತೀನ್ರೀ ವೈನಿ," ಎಂದು ಅಪ್ಪ ಕಣ್ಣು ಮುಚ್ಚಿಕೊಂಡೇ ಉತ್ತರಿಸುತ್ತಿದ್ದ.

ಆ ವರ್ಷ ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ್ದೇ ತಡ, ಕೀಡಿ ಬಿತ್ತು. ಕೀಡಿ ಎಂದರೆ ಹುಳ. ನಿಮ್ಮ ಕಿರುಬೆರಳಿನಷ್ಟು ಉದ್ದ, ಬೂದು ಹಸಿರು ಬಣ್ಣ, ಬೆನ್ನ ಮೇಲೆ ಗೆರೆ. ಹಗಲು ಹುಲ್ಲಿನ ಬುಡದಲ್ಲಿ ಅಡಗಿದ್ದು ಕತ್ತಲಾದ ಮೇಲೆ ಮೇಯುತ್ತಿದ್ದವು. ಬೆಳಗ್ಗೆ ಎದ್ದರೆ ಆಡು ಮೇಯ್ದ ಹಾಗೆ ಹುಲ್ಲು ಅಲ್ಲಲ್ಲಿ ಬೋಳು. ಅಪ್ಪನ ಹತ್ತಿರ ಒಂದು ಉಪಾಯವಿತ್ತು. ಬಟ್ಟೆ ಒಗೆದ ಸಾಬೂನು ನೀರನ್ನು ಹುಲ್ಲಿನ ಮೇಲೆ ಹರಡಿ ಸುರಿಯುವುದು. ಆ ನೀರು ಬುಡಕ್ಕಿಳಿದರೆ ಹುಳಗಳು ಉಸಿರು ಕಟ್ಟಿ ಮೇಲೆ ಬರುತ್ತಿದ್ದವು. ಆಗ ಮೈನಾ ಜೋಡಿ ಇಳಿಯುತ್ತಿತ್ತು. ಊರ ಕಡೆ ಗೊರವಂಕ ಎನ್ನುತ್ತಾರಲ್ಲ, ಅದೇ. ಕಾಕುವಿನ ಬಚ್ಚಲ ಕಿಟಕಿಯ ಪಕ್ಕ, ಹಳೆಯ ಪೈಪು ಕಿತ್ತ ತೂತಿನಲ್ಲಿ ಅವುಗಳ ಗೂಡು. ಒಳಗೆ ಮರಿಗಳು. ಎರಡೂ ಹಳದಿ ಕಾಲಿನಲ್ಲಿ ಗತ್ತಿನಿಂದ ನಡೆದು, ಕೊಕ್ಕಿನ ತುಂಬ ಹುಳ ಕಚ್ಚಿ ಹಾರಿಹೋಗುತ್ತಿದ್ದವು. ಅಕ್ಕ ಹೊಸ್ತಿಲ ಮೇಲೆ ಕೂತು ಅದನ್ನೇ ನೋಡುವಳು.

ಮೈನಾಗಳು ಬಿಟ್ಟ ಹುಳ ಆರಿಸುವುದು ನನ್ನ ಪಾಲು. ಸಾಬೂನು ನೀರಿನ ಡಬ್ಬಿ ಹಿಡಿದು ಒಂದೊಂದೇ ಹುಳ ಎತ್ತಿ ಹಾಕಬೇಕು. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಆ ತಣ್ಣನೆಯ ಮೈ ನನಗೆ ಹೇಸಿಗೆ. ಡಬ್ಬಿಯ ತಳ ಮುಚ್ಚುವವರೆಗೆ ಆಟಕ್ಕೆ ಬಿಡುತ್ತಿರಲಿಲ್ಲ.

ಅವತ್ತು ರವಿವಾರ. ಬಹಳ ದಿನ ಹಿಡಿದಿದ್ದ ಮಳೆ ಬಿಟ್ಟು ಚುರುಚುರು ಬಿಸಿಲು ಬಿದ್ದಿತ್ತು. ಮುಂಬಯಿಯಲ್ಲಿ ಆಗ ತಿಗಣೆ ಇಲ್ಲದ ಮನೆಯೇ ಇರಲಿಲ್ಲ. ಬಿಸಿಲು ಬಂತೆಂದರೆ ಇಡೀ ಬಿಲ್ಡಿಂಗಿನ ಮಂಚಗಳು ಅಂಗಳಕ್ಕಿಳಿಯುತ್ತಿದ್ದವು. ಗಾದಿ ಬಡಿಯುವ ಧಪಧಪ ಸದ್ದು, ಮಂಚದ ಸಂದುಗಳಿಗೆ ಕುದಿನೀರು ಹೊಯ್ಯುವ ಹೆಂಗಸರು, ಎಲ್ಲದರ ಮೇಲೆ ತಿಗಣೆ ಔಷಧಿಯ ಸೀಮೆಎಣ್ಣೆಯಂಥ ಕಹಿ ವಾಸನೆ. ಕಾಕು ತನ್ನ ಮಂಚಕ್ಕೆ ಔಷಧಿ ಹಚ್ಚಿ ನಮ್ಮ ಹುಲ್ಲಿನ ಅಂಚಿನಲ್ಲೇ ಒಣಗಲು ಇಟ್ಟಿದ್ದಳು. ನಮ್ಮ ಮಂಚದ ಕೆಲಸವೂ ಮುಗಿದು ಅರ್ಧ ಬಾಟಲಿ ಔಷಧಿ ಕಟ್ಟೆಯ ಮೇಲೆ ಉಳಿದಿತ್ತು. "ಅದನ್ನ ಮುಟ್ಟಬ್ಯಾಡ ನೋಡು, ವಿಷ ಐತಿ," ಎಂದು ಹೇಳಿಯೇ ಅಕ್ಕ ಒಳಗೆ ಹೋದಳು.

ಮೈದಾನದಿಂದ ಗೆಳೆಯರು ಕೂಗಿದರು: "ಏ, ಆಜಾ ನಾ! ಬ್ಯಾಟಿಂಗ್ ತೇರಿ ಹೈ!" ಆಡುವ ಸರದಿ ನನ್ನದು, ಡಬ್ಬಿಯಲ್ಲಿ ಇನ್ನೂ ನಾಲ್ಕೈದೇ ಹುಳ. ಸುತ್ತ ಯಾರೂ ನೋಡುತ್ತಿರಲಿಲ್ಲ. ತಿಗಣೆ ಸಾಯುತ್ತದೆಂದರೆ ಹುಳವೂ ಸಾಯಬೇಕಲ್ಲ ಎಂದುಕೊಂಡು ಬಾಟಲಿಯನ್ನು ನೀರಿನ ಝಾರಿಗೆ ಬಗ್ಗಿಸಿದೆ. ಒಂದಿಷ್ಟು ಕೈಮೇಲೂ ಚೆಲ್ಲಿತು. ಝಾರಿಯನ್ನು ಹುಲ್ಲಿನ ಮೇಲೆಲ್ಲ ಆಡಿಸಿ, ಖಾಲಿ ಬಾಟಲಿಯನ್ನು ಕಸದ ತೊಟ್ಟಿಗೆಸೆದು ಮೈದಾನಕ್ಕೆ ಓಡಿದೆ.

ಊಟದ ಹೊತ್ತಿಗೆ ಬಂದು ನೋಡುತ್ತೇನೆ, ಹುಲ್ಲಿನ ತುಂಬ ಹುಳಗಳು ತಿರುಚಿ ಬಿದ್ದಿವೆ. ಮೈನಾಗಳೆರಡೂ ಅವಸರವಿಲ್ಲದೆ ಹೆಕ್ಕಿ ಹೆಕ್ಕಿ ನುಂಗುತ್ತಿವೆ. ನನ್ನ ಉಳಿದ ಕೆಲಸವನ್ನೂ ಅವೇ ಮಾಡುತ್ತಿವೆಯೆಂದು ನನಗೆ ಖುಷಿ. ಅಪ್ಪ ಬಾಗಿಲಲ್ಲಿ ನಿಂತು, "ಭೇಷ್ ಮಗನ! ಎಲ್ಲಾ ಹೊರಗ ತಗದೀಯಲ್ಲೋ," ಎಂದ. ಅವ್ವ ನನ್ನ ತಾಟಿಗೆ ತುಪ್ಪ ಒಂದು ಚಮಚ ಹೆಚ್ಚು ಹಾಕಿದಳು.

ಮಧ್ಯಾಹ್ನ ನಳದ ಹತ್ತಿರ ಅಕ್ಕ ಚೀರಿದಳು. ಒಂದು ಮೈನಾ ಮಗ್ಗುಲಾಗಿ ಬಿದ್ದು ಒಂದೇ ರೆಕ್ಕೆಯನ್ನು ನೆಲಕ್ಕೆ ಬಡಿಯುತ್ತಿತ್ತು. ಅಕ್ಕ ಬೊಗಸೆಯಲ್ಲಿ ನೀರು ಕುಡಿಸಲು ನೋಡಿದಳು; ನೀರು ಕೊಕ್ಕಿನ ಬದಿಯಿಂದ ಹೊರಗೇ ಹರಿಯಿತು, ರೆಕ್ಕೆ ನಿಂತಿತು. ಇನ್ನೊಂದು ಗಟಾರದ ಅಂಚಿನಲ್ಲಿ ಆಗಲೇ ಸತ್ತಿತ್ತು. ಅಪ್ಪ ಒಂದು ಹಿಡಿ ಹುಲ್ಲು ಕಿತ್ತು ಮೂಸಿದ. ಮುಖ ಬದಲಾಯಿತು. "ತಗಣಿ ಔಷಧ," ಎಂದ. ಕಾಲೊನಿಯ ತುಂಬ ಅದೇ ವಾಸನೆ, ಎಲ್ಲರ ಮನೆಯಲ್ಲೂ ಅದೇ ಬಾಟಲಿ.

ನಾನು ಬಾಯಿ ತೆರೆಯುವ ಮೊದಲೇ ಕಾಕು ಎದೆ ಹಿಡಿದುಕೊಂಡಳು. "ಅಯ್ಯ ದೇವರ! ನಾನ ಇಲ್ಲಿ ಮಂಚ ಇಟ್ಟೀನಿ. ನನ್ನ ಮಂಚದ್ದ ಹರದು ಹೋಗ್ಯದ. ಮರಿ ತಾಯಿನ್ನ ನಾನ ಕೊಂದೆ."

"ಗೊತ್ತಿಲ್ಲದ ಆಗೇತ್ರೀ ವೈನಿ, ಅಳಬ್ಯಾಡ್ರಿ," ಎಂದ ಅಪ್ಪ.

ಅಷ್ಟರಲ್ಲಿ ಗೋಡೆಯೊಳಗಿಂದ ಮರಿಗಳ ಕೂಗು ಶುರುವಾಯಿತು. ಹಸಿವಿನ ಕೂಗು.

ಎಲ್ಲರೂ ಕಾಕುವಿನ ಬಚ್ಚಲಿಗೆ ಓಡಿದೆವು. ಕಿಟಕಿಯಿಂದ ಕೈ ಚಾಚಿದರೆ ತೂತು ಸಿಗುತ್ತಿತ್ತು, ಆದರೆ ಅದು ಇಕ್ಕಟ್ಟು. ಅಪ್ಪನ ಬೆರಳುಗಳಷ್ಟೇ ಒಳಗೆ ಹೋದವು. ಅಕ್ಕನ ಕೈ ಮಣಿಕಟ್ಟಿನ ಹತ್ತಿರ ಸಿಕ್ಕಿಕೊಂಡು, ಎಳೆದುಕೊಳ್ಳುವಾಗ ಚರ್ಮ ತರಚಿ ರಕ್ತ ಬಂತು. ಅವಳು ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಕಸಬರಿಗೆಯ ಕಡ್ಡಿಗೆ ಸಿಕ್ಕಿಸಿ ಒಳಗೆ ತಳ್ಳಿದಳು. ತೂತು ತಿರುಗುವಲ್ಲಿ ಅದು ಕಳಚಿ ಬಿತ್ತು. ಅವಳ ಕೈಯ ನೆರಳು ಬಿದ್ದಾಗಲೆಲ್ಲ ತಾಯಿ ಬಂತೆಂದು ಮರಿಗಳು ಇನ್ನೂ ಜೋರಾಗಿ ಕೂಗಿದವು.

ಆಗ ಅವ್ವ ಹೇಳಿದಳು, "ಭರಣಿ ತೊಳ್ಯಾವನ್ನ ಕರೀರಿ. ಅವನ ಕೈ ಹೋಗತೈತಿ."

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಕಾಕು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕಣ್ಣೆಲ್ಲ ಕೆಂಪಾಗಿತ್ತು. "ಬಾ ರಾಜಾ. ನಾ ಎತ್ತಿ ಹಿಡೀತೀನಿ. ಒಂದೊಂದ ಮರಿ ಹೊರಗ ತಗೀ. ಸಾಕಿಕೋತೀನಿ ನಾನು. ನನ್ನ ಪಾಪ ಅಷ್ಟರೆ ಕಡಿಮಿ ಆಗ್ತದ."

ನಾನು ಕೈಗಳನ್ನು ಬೆನ್ನ ಹಿಂದೆ ಬಿಗಿಹಿಡಿದೆ. ಊಟಕ್ಕೆ ಮುಂಚೆ ಸಾಬೂನಿನಿಂದ ತೊಳೆದಿದ್ದೆ. ಅವರೆಲ್ಲ ತೂತಿನ ಹತ್ತಿರ ಹೆಣಗುವಾಗ ಕೆಳಗಿಳಿದು ಬೂದಿ ಹಚ್ಚಿ ಮತ್ತೆ ಉಜ್ಜಿ ಬಂದಿದ್ದೆ. ಆದರೂ ಆ ವಾಸನೆ ಹೋಗಿರಲಿಲ್ಲ. ಎತ್ತಿಕೊಂಡರೆ ನನ್ನ ಕೈ ಕಾಕುವಿನ ಮುಖದ ಹತ್ತಿರವೇ ಬರುತ್ತಿತ್ತು.

"ನನಗ ಅಂಜಿಕಿ ಬರತೈತಿ," ಎಂದೆ. "ಕಚ್ಚತಾವ."

"ಹಲ್ಲ ಇಲ್ಲೋ ಅವಕ್ಕ!" ಎಂದು ಅಕ್ಕ ಅಳುತ್ತಲೇ ಗದರಿದಳು. "ಹಾಕೋ ಕೈ!"

ನಾನು ಅಲ್ಲಾಡಲಿಲ್ಲ. ಕೊನೆಗೆ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಸಣ್ಣಾವ ಅದಾನ, ಬಿಡ್ರಿ," ಎಂದ. ಅವನು ಹೊಡೆದಿದ್ದರೆ ಬಹುಶಃ ನಿಜ ಹೊರಬೀಳುತ್ತಿತ್ತು. ಆ ಕೈ ಹಗುರವಾಗಿ ಇಟ್ಟಿದ್ದರಿಂದ ನಾನು ತಪ್ಪಿಸಿಕೊಂಡೆ.

ಕೈಯಲ್ಲಿದ್ದ ವಿಷ ಮರಿಗಳಿಗೆ ತಾಕೀತೆಂದು ಹಿಂಜರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಸಿಕ್ಕಿಬೀಳುತ್ತೇನೆಂದಷ್ಟೇ ಹೆದರಿದ್ದೆ. ಹೊರಗೆ ತೆಗೆದಿದ್ದರೂ ಅವು ಬದುಕುತ್ತಿದ್ದವೋ ಇಲ್ಲವೋ ಗೊತ್ತಿಲ್ಲ. ತಾಯಿ ಆ ಹುಳಗಳನ್ನು ಒಳಗೆ ಎಷ್ಟು ಒಯ್ದಿತ್ತೋ. ಆದರೆ ಬಿಸಿಲು ಇಳಿಯುವವರೆಗೂ ಅವುಗಳ ದನಿ ಗಟ್ಟಿಯಾಗಿಯೇ ಇತ್ತು. ಅಪ್ಪ ತೂತು ಅಗಲ ಮಾಡಲು ಉಳಿಯಿಂದ ನಾಲ್ಕು ಪೆಟ್ಟು ಹೊಡೆದ. ಗಾರೆ ಒಳಗೇ ಉದುರುತ್ತಿದೆಯೆಂದು ಅಕ್ಕ ತಡೆದಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ದೊಡ್ಡವರು ಬಚ್ಚಲಲ್ಲಿ ಸುಮ್ಮನೆ ನಿಂತಿದ್ದರು. ಗೋಡೆ ಕೂಗುತ್ತಿತ್ತು. ಅಂಗಳದಲ್ಲಿ ಜನ ಒಣಗಿದ ಮಂಚಗಳನ್ನು ಒಳಗೆ ಒಯ್ಯುತ್ತಿದ್ದರು. ಮಸುಕಾಗುವ ಹೊತ್ತಿಗೆ ದನಿ ಸಣ್ಣದಾಯಿತು. ಮರುದಿನ ಶಾಲೆಗೆ ಹೋಗುವಾಗ ಕಿಟಕಿಯ ಕೆಳಗೆ ನಿಂತು ಕಿವಿಗೊಟ್ಟೆ. ಏನೂ ಇರಲಿಲ್ಲ.

ಅಪ್ಪ ಎರಡೂ ಮೈನಾಗಳನ್ನು ಹೂಳಿದ. ಔಷಧಿ ಬಿದ್ದಲ್ಲೆಲ್ಲ ಹುಲ್ಲು ಸುಟ್ಟು ಹಳದಿಯಾಯಿತು. ಮತ್ತೆ ಮಳೆ ಹಿಡಿದು ಹೊಸ ಚಿಗುರೂ ಬಂತು, ಆದರೆ ಆ ವರ್ಷ ಅಪ್ಪ ಅದರ ಮೇಲೆ ಕಾಲು ಚಾಚಿ ಕೂರಲಿಲ್ಲ. ಬೂಟು ಕಳಚಿ ಕಟ್ಟೆಯ ಮೇಲೆಯೇ ಕೂರುತ್ತಿದ್ದ. ಎಮ್ಮೆಯ ಮಾತನ್ನು ಕಾಕುವೂ ಮತ್ತೆ ಎತ್ತಲಿಲ್ಲ. ಅವಳು ಬಚ್ಚಲ ಕಿಟಕಿಯಲ್ಲಿ ಒಂದು ವಾಟಿ ನೀರು, ಒಂದು ಹಿಡಿ ಅನ್ನ ಇಡತೊಡಗಿದಳು. ಬಿಲ್ಡಿಂಗ್ ಬಿಟ್ಟು ಊರಿಗೆ ಹೋಗುವವರೆಗೂ ದಿನಾ ಇಟ್ಟಳು. ನಾನು ಮೆಟ್ಟಿಲು ಹತ್ತುವುದು ಕಂಡರೆ "ಬಾ ರಾಜಾ" ಎಂದು ಕರೆದು ಕೈಗೆ ಶೇಂಗಾ ಉಂಡೆ ಕೊಡುತ್ತಿದ್ದಳು. ಅದೇ ಕೈಗೆ. ಉಂಡೆ ತಿಂದು ಇಳಿದು ಬರುತ್ತಿದ್ದೆ. ಹೇಳಲು ಎಷ್ಟೋ ಮಧ್ಯಾಹ್ನಗಳಿದ್ದವು. ಒಂದರಲ್ಲೂ ಹೇಳಲಿಲ್ಲ. ಈಗ ಕಾಕು ಇಲ್ಲ, ಅಪ್ಪ ಅವ್ವ ಇಲ್ಲ. ಅಕ್ಕನಿಗೆ ಹೋದ ವರ್ಷ ಹೇಳಿದೆ. ಅವಳು ಫೋನಿನಲ್ಲಿ, "ಕಾಕುಗ ಹೇಳಬೇಕಿತ್ತಪಾ," ಎಂದಳು.

ನಿಮ್ಮದು ಬೇರೆಯೇ ಲೋಕ. ಭಾಂಡುಪ್ ಅದೇ, ಆದರೆ ನಿಮ್ಮ ಮನೆ ಹನ್ನೆರಡನೆಯ ಮಾಳಿಗೆಯಲ್ಲಿದೆ. ಲಿಫ್ಟ್ ಇಳಿದರೆ ನಮ್ಮ ಹಾಸಿನ ಹತ್ತರಷ್ಟು ದೊಡ್ಡ ಲಾನ್. ಅದಕ್ಕೆ ಕೀಡಿ ಬಿದ್ದರೆ ಯಾರೂ ಡಬ್ಬಿ ಹಿಡಿದು ಕೂರಬೇಕಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬ ಬಂದು ಹೊಡೆದು ಹೋಗುತ್ತಾನೆ. ಮಕ್ಕಳು ಕಾಲಿಡಬಾರದೆಂದು ಬೋರ್ಡು ಇಡುತ್ತಾರೆ, ನಿಮ್ಮ ಅಮ್ಮ ನಿಮ್ಮನ್ನು ಒಳಗೆ ಕರೆದು ಕಿಟಕಿ ಮುಚ್ಚುತ್ತಾಳೆ. ಒಳ್ಳೆಯದೇ. ಆದರೆ ಮೈನಾಗಳಿಗೆ ಬೋರ್ಡು ಓದಲು ಬರುವುದಿಲ್ಲ.

ಮೊನ್ನೆ ಹಾಗೆ ಔಷಧಿ ಹೊಡೆದು ಹೋದ ದಿನ ನಾನು ಮಟಮಟ ಮಧ್ಯಾಹ್ನ ಲಾನಿನ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದುದನ್ನು ನೀವು ಬಾಲ್ಕನಿಯಿಂದ ನೋಡಿ ನಕ್ಕಿರಿ. "ಅಜ್ಜಾ, ಆಪ್ ಕ್ಯಾ ಕರ್ ರಹೇ ಥೇ?" ಏನು ಮಾಡುತ್ತಿದ್ದೆನೆಂದು ನಿಮ್ಮ ಹಿಂದಿಯಲ್ಲಿ ಕೇಳಿದಿರಿ. ವ್ಯಾಯಾಮ ಎಂದು ಸುಳ್ಳು ಹೇಳಿದೆ. ನಿಜ ಹೇಳಬೇಕೆಂದೇ ಇದನ್ನು ಬರೆದೆ. ಹಕ್ಕಿಗಳನ್ನು ಎಬ್ಬಿಸುತ್ತಿದ್ದೆ. ಆದರೆ ಲಾನ್ ದೊಡ್ಡದು, ನನ್ನ ಮೊಣಕಾಲು ಮೊದಲಿನಂತಿಲ್ಲ. ಈ ಮೂಲೆಯಿಂದ ಎಬ್ಬಿಸಿದರೆ ಅವು ಆ ಮೂಲೆಯಲ್ಲಿ ಇಳಿಯುತ್ತವೆ. ನಾನು ಅಲ್ಲಿಗೆ ನಡೆದು ಮುಟ್ಟುವಷ್ಟರಲ್ಲಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಹಾರಿಹೋಗಿರುತ್ತವೆ.