ಎಂಟು ವಾಲ್ವುಗಳ ಜಾಗ

ಅರವತ್ತರ ದಶಕದ ಮಾತು. ಅಹಮದಾಬಾದಿನ ಮಣಿನಗರದಲ್ಲಿ ಗ್ಯಾರೇಜು ಸೇರುವ ಮುಂಚೆ ನಾನು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ಆ ಚಾಳಿ ಬಿಡಲಿಲ್ಲ ನೋಡಿ. ಇಟಲಿ ಕಾರೊಂದರ ಎಂಜಿನ್ ಮತ್ತೆ ಜೋಡಿಸಲು ಮಿಸ್ತ್ರಿ ಕಾಸಂಭಾಯಿ ಸಾಲಾಗಿ ಇಟ್ಟಿದ್ದ ಎಂಟು ವಾಲ್ವುಗಳನ್ನು ಫಳಫಳ ತೊಳೆದು ಬುಟ್ಟಿಗೆ ಹಾಕಿಬಿಟ್ಟೆ.

"ಅರೇ ಹೋಟೆಲ್‌ವಾಲಾ! ಒಂದೊಂದನ್ನೂ ಅದರದರ ಕುಳಿಗೇ ಉಜ್ಜಿ ಕೂರಿಸಿದ್ದೆನಲ್ಲೋ! ನಾಳೆ ಕಾರಿನ ಸೇಠ್ ಬರ್ತಾರೆ!"

ಕೆಲಸ ಹೋಯಿತೆಂದುಕೊಂಡು ನಾನು ಚೀಲ ಹುಡುಕಿದೆ. ಅವರು ಬೈಯುತ್ತಲೇ ಪ್ರತಿ ವಾಲ್ವನ್ನೂ ಕುಳಿಯಿಂದ ಕುಳಿಗೆ ಇಟ್ಟು, ಮೇಲೆ ಸೀಮೆಎಣ್ಣೆ ಹೊಯ್ದು, ಒಂದು ಹನಿಯೂ ಜಿನುಗದ ಜಾಗ ಹುಡುಕುತ್ತ ಕೂತರು. ಸಂಜೆಗೆ ಎಂಟೂ ತಮ್ಮ ಜಾಗ ಸೇರಿದ್ದವು.

ಮರುದಿನ ಸೇಠರ ಎದುರಿಗೆ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಮಿಸ್ತ್ರಿ ನನ್ನನ್ನೂ ಇಟ್ಟುಕೊಂಡರು.

ಆದರೆ ನಾನು ಎಲ್ಲಿಟ್ಟರೂ ಜಿನುಗುವ ಪೈಕಿ. ಮುಂದಿನ ತಿಂಗಳು ಗ್ಯಾರೇಜು ಬಿಟ್ಟು ಸೂರತ್ತಿನಲ್ಲಿದ್ದೆ.