ಗೆರಿಲ್ಯೊ ಮತ್ತು ಆಯಿಯ ಬಿತ್ತನೆ ಶೇಂಗಾ

ಬೈಲಹೊಂಗಲದ ರದ್ದಿ ಅಂಗಡಿಯಲ್ಲಿ ನನಗೊಂದು ಇಟಾಲಿಯನ್ ನಿಘಂಟು ಸಿಕ್ಕಿತ್ತು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು, ನಾನು ಅಲ್ಲೇ ಬಿ.ಎ. ಓದುತ್ತಿದ್ದೆ. ಇಟಲಿಗೂ ನನಗೂ ಏನು ಸಂಬಂಧ? ಆದರೂ ಕೊಂಡೆ. ಕೆಲಸಕ್ಕೆ ಬಾರದ್ದರ ಮೇಲೇ ನನಗೆ ಮೊದಲಿನಿಂದಲೂ ಜೀವ.

ಬೇಸಿಗೆ ರಜೆಗೆ ಕಟಕೋಳದ ಮನೆಗೆ ಬಂದಾಗ ಆಯಿ, ಅಂದರೆ ನನ್ನ ಅಜ್ಜಿ, ಬಿತ್ತನೆ ಶೇಂಗಾ ಸುಲಿಯುತ್ತಿದ್ದಳು. ಅವಳ ಮದುವೆಯಲ್ಲಿ ಅವಳವ್ವ ಸುರೇಬಾನದಿಂದ ಉಡಿಯಲ್ಲಿ ಹಾಕಿ ಕಳಿಸಿದ ತಳಿ ಅದು. ಪ್ರತಿ ವರ್ಷ ಬೆಳೆದದ್ದರಲ್ಲೇ ಒಂದಿಷ್ಟು ತೆಗೆದಿಟ್ಟು ಮತ್ತೆ ಬಿತ್ತುವಳು. ಊರಲ್ಲಿ ಬೇರೆ ಯಾರಲ್ಲೂ ಅದು ಉಳಿದಿರಲಿಲ್ಲ. ಕೆಂಪು ಸಿಪ್ಪೆ ಹರಿದರೆ ಮೊಳೆಯುವುದಿಲ್ಲವೆಂದು ಒಂದೊಂದನ್ನೂ ಕೈಯಲ್ಲೇ ಬಿಡಿಸುವಳು.

"ಬುಟ್ಟ್ಯಾಗಿನವು ಬಿತ್ತಾಕ. ಮೊರದಾಗಿನ ಒಡಕು ಚಟ್ನಿಗೆ, ಹುರದಿಡವಾ," ಎಂದು ಹೇಳಿ ಹೊಲಕ್ಕೆ ಹೋದಳು.

ಒಲೆಯ ಮುಂದೆ ನಿಘಂಟು ತೆರೆದುಕೊಂಡು ಕೂತೆ. ಗೆರಿಲ್ಯೊ. ಅಕ್ರೋಟದ ಒಳಗಿನ ತಿರುಳಿಗೆ ಇಟಲಿಯವರು ಇಟ್ಟ ಹೆಸರು. ಅದರ ಮೂಲ ಗ್ರೀಕರ ಕಾರ್ಯೊನ್, ಅಂದರೆ ಅಕ್ರೋಟದಂಥ ಕಾಯಿ. ಅಲ್ಲಿಂದ ಲ್ಯಾಟಿನ್ನಿಗೆ ಬಂದು, ಬಾಯಿಂದ ಬಾಯಿಗೆ ಸವೆದು ಸವೆದು ಗೆರಿಲ್ಯೊ ಆಗಿದೆ. ಯಾವುದೋ ದೋಣಿ, ಯಾವುದೋ ಸಂತೆ, ಮೊಮ್ಮಕ್ಕಳ ಅಂಗೈಗೆ ತಿರುಳು ಹಾಕುತ್ತ ಆ ಹೆಸರು ಹೇಳುವ ಮುದುಕಿಯರು ನನಗೆ ಕಾಣತೊಡಗಿದರು. ನಾನು ಆ ಕಡಲ ದಂಡೆಯ ಮೇಲೆ ಓಡಾಡುತ್ತಿದ್ದೆ. ಕೈ ಮಾತ್ರ ಇಲ್ಲಿ ಹಂಚಿಗೆ ಹಿಡಿಹಿಡಿ ಕಾಳು ಸುರಿದು ಹುರಿಯುತ್ತಿತ್ತು.

ಮನೆಯೆಲ್ಲ ಘಮಘಮ ಎನ್ನುವಾಗ ಆಯಿ ಬಂದಳು. ಮೊರದ ಒಡಕು ಹಾಗೇ ಇತ್ತು. ಬುಟ್ಟಿ ಬರಿದಾಗಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸಿಪ್ಪೆಯ ಗುಡ್ಡೆಯನ್ನು ಎರಡು ಸಲ ಕೇರಿ ಹುಡುಕಿದಳು. ಒಂದು ಕಾಳೂ ಸಿಗಲಿಲ್ಲ. ನನ್ನ ಪಕ್ಕ ಕುಳಿತು ಪುಸ್ತಕ ನೋಡಿದಳು.

"ಇದರಾಗ ಏನೈತಿ ಅಂಥಾದ್ದು?"

ಅಳುತ್ತಲೇ ಗೆರಿಲ್ಯೊದ ಕತೆ ಹೇಳಿದೆ. ಪೂರ್ತಿ ಕೇಳಿದಳು.

"ನಮ್ಮೂರ ಗುಡಿಗಿಂತ ಹಳೇದನು ಆ ಮಾತು?"

"ಹೌದು ಆಯಿ, ಭಾಳ ಹಳೇದು."

ಹುರಿದ ಒಂದು ಕಾಳನ್ನು ತಿಕ್ಕಿ, ಕೆಂಪು ಸಿಪ್ಪೆ ಊದಿ, ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ನನ್ನ ಅಂಗೈಗೆ ಹಾಕಿದಳು.

"ಅಲ್ಲಿ ಹೆಣ್ಣಮಕ್ಕಳು ಆ ಮಾತನ್ನ ಚಲೋತ್ನಂಗ ಕಾದಿಟ್ಟಾರ ನೋಡವಾ," ಎಂದಳು.