ಕಾಳಾಚಾರಿಯ ಬಲಿಪೀಠ

ಮಗ್ಗೆ ಊರಿನ ಬಡಗಿ ಕಾಳಾಚಾರಿ ಮಾಡಿದ ಬೀರುವನ್ನು ಹಿಂದಿನಿಂದ ನೋಡಬಾರದು. ಮುಂದೆ ಬೀಟೆಯ ಹೊಳಪು, ಹೂವು, ಬಳ್ಳಿ. ಹಿಂದೆ ಕೈಗೆ ಸಿಕ್ಕ ಹಲಗೆ, ಸೊಟ್ಟ ಮೊಳೆ. ಕೇಳಿದರೆ ನಮ್ಮನ್ನೇ ಮರುಕದಿಂದ ನೋಡಿ, "ಬೀರು ಬಾಗ್ಲು ಎಲ್ಲೈತೆ, ಮುಂದೋ ಹಿಂದೋ?" ಎನ್ನುತ್ತಿದ್ದರು. ಇಂಥ ಮಹಾ ಕಲಾವಿದರ ಜೊತೆ ವಾದ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ನಾನಾಗ ವನಗೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಪುಟ್ಟ ಚರ್ಚಿಗೆ ಹೊಸ ಬಲಿಪೀಠ, ಅಂದರೆ ಪೂಜೆಯ ಮೇಜು, ಬೇಕಾದಾಗ ಅವರನ್ನು ಕರೆತಂದ ಪುಣ್ಯಾತ್ಮ ನಾನೇ. ಮುಂಭಾಗಕ್ಕೆ ದ್ರಾಕ್ಷಿ ಬಳ್ಳಿ ಕೆತ್ತಲು ಫಾದರ್ ಚಿತ್ರ ಕೊಟ್ಟರು. ಆಚಾರಿ ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಮೂರು ತಿಂಗಳು ಕೂತು, ಒಳ್ಳೆಯ ಕಾಳುಮೆಣಸಿನ ಬಳ್ಳಿ ಕೆತ್ತಿಟ್ಟರು. ಈ ಸೀಮೆಯಲ್ಲಿ ಬೆಳೆಯದ್ದನ್ನು ಕೆತ್ತಿದರೆ ಸ್ವಾಮಿಗೂ ಗುರುತು ಸಿಗುವುದಿಲ್ಲ ಎಂದು ನಮಗೇ ಬುದ್ಧಿ ಹೇಳಿದರು. ಚೆಂದವಿತ್ತು, ಸುಮ್ಮನಾದೆವು. ಪೀಠ ಗೋಡೆಗೆ ಅಂಟಿ ಕೂತಿತು. ಹಳೇ ಕಾಲದ ಆ ಫಾದರ್ ಜನಕ್ಕೆ ಬೆನ್ನು ಹಾಕಿಯೇ ಪೂಜೆ ಮಾಡುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಬಂದ ಹೊಸ ಫಾದರ್ ಜನರ ಕಡೆ ಮುಖಮಾಡಿ ನಿಲ್ಲಬೇಕೆಂದು ಪೀಠವನ್ನು ಮುಂದಕ್ಕೆ ಎಳೆಸಿದರು. ಹಿಂಬದಿಯಲ್ಲಿ ಡೀಸೆಲ್ ಪಂಪು ಬಂದಿದ್ದ ಪೆಟ್ಟಿಗೆಯ ಹಲಗೆ. ಮೇಲೆ ಪಂಪಿನ ಚಿತ್ರ, ಅದೂ ತಲೆಕೆಳಗಾಗಿ. ಫಾದರ್ ನಕ್ಕು, ಬಟ್ಟೆ ಇಳಿಬಿಟ್ಟರಾಯಿತು ಎಂದರು. ನಾನು ಅಷ್ಟಕ್ಕೆ ಬಿಡುವವನೇ? ಮಗ್ಗೆಗೆ ಹೋಗಿ, ನಮ್ಮ ಫಾದರ್ ಈಗ ವಾರವಾರವೂ ಪಂಪಿಗೇ ಪೂಜೆ ಮಾಡುತ್ತಿದ್ದಾರೆಂದು ಸುದ್ದಿ ಮುಟ್ಟಿಸಿದೆ.

ಆಚಾರಿ ನಗಲಿಲ್ಲ. "ಪೂಜೆ ಮಾಡೋರ ಕಣ್ಣಿಗೇ ಬಿದ್ಬುಡ್ತಲ್ಲ ರೈಟ್ರೇ. ನನ್ ಮಾನ ಹೋಯ್ತು" ಎಂದರು. ಮರುದಿನವೇ ಉಳಿ ಹಿಡಿದು ಬಂದರು. ವಯಸ್ಸಾಗಿ ಕಣ್ಣು ಮಂಜಾಗಿತ್ತು. ತಮ್ಮ ಮನೆಗೆಂದು ಎತ್ತಿಟ್ಟಿದ್ದ ಬೀಟೆ ಹಲಗೆ ತಂದು, ಸಕಲೇಶಪುರದ ಸಂತೆಯಿಂದ ತರಿಸಿದ ಗೊಂಚಲನ್ನು ಎದುರಿಗಿಟ್ಟುಕೊಂಡು, ಇಡೀ ಬೇಸಿಗೆ ಹಿಂಬದಿಗೆ ದ್ರಾಕ್ಷಿ ಕೆತ್ತಿದರು. ಅಂಥ ಕೆಲಸವನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ನನ್ನ ನಾಲಿಗೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಆ ಫಾದರಿಗೆ ವರ್ಗವಾಯಿತು. ಆಮೇಲೆ ಬಂದವರಿಗೆ ಗ್ರಾನೈಟಿನ ಮೇಲೆ ಭಕ್ತಿ. ಮುಂದೆ ಕಲ್ಲಿನ ಪೀಠ ಹಾಕಿಸಿ, ಮರದ್ದನ್ನು ಹಿಂದಕ್ಕೆ ತಳ್ಳಿ, ಗೋಡೆಗೆ ಸೇರಿಸಿ ಸಿಮೆಂಟು ಮೆತ್ತಿಸಿಬಿಟ್ಟರು. ಹಿಂಬದಿಯ ದ್ರಾಕ್ಷಿ ಗೋಡೆಯ ಪಾಲಾಯಿತು.

ಅದೇ ವಾರ ಆಲೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಆಚಾರಿಯನ್ನು ನೋಡಲು ಹೋದೆ. ಉಸಿರಾಡಲು ಕಷ್ಟಪಡುತ್ತಿದ್ದವರು, ಫಾದರ್ ಪೀಠದ ಹಿಂಬದಿ ನೋಡುತ್ತಾರಾ ಎಂದಷ್ಟೇ ಕೇಳಿದರು. ದಿನಾ ಬೆಳಿಗ್ಗೆ ಕೈಯಾಡಿಸಿ ನೋಡುತ್ತಾರೆ ಎಂದೆ.

ಆಚಾರಿ ಮಂಚದ ಅಂಚನ್ನು ಬೆರಳಿನಿಂದ ಸವರಿದರು. "ಇನ್ನೊಂದ್ ಕೈ ಪಾಲಿಶ್ ಹೊಡೀಬೇಕಿತ್ತು ಕಣ್ರೀ. ಹುಷಾರಾದ್ಮೇಲೆ ಬತ್ತೀನಿ" ಎಂದರು. ಬೇಗ ವಾಸಿಯಾಗಲಿ ಎಂದು ಹೇಳಲು ಹೋದವನಿಗೆ, ವಾಸಿಯಾಗಿ ಬಂದೇಬಿಟ್ಟರೆ ಎಂಬ ಭಯ ಹಿಡಿಯಿತು.

ಅವರು ಬರಲಿಲ್ಲ.